ಕೆಂಪು ಗಾಡಿಗಳು ಗುಜರಿಗೆ ಹೋಗುವ ಮುನ್ನ

ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ಮಂಡ್ಯಕ್ಕಿದೆ, ಮದ್ದೂರಿಗಿದೆ. ಅಲ್ಲಿಯವರಿಗೆ ಬಸ್ಸು ತಪ್ಪಿದರೆ ಇನ್ನೊಂದು ದಾರಿಯಾದರೂ ಇತ್ತು. ಹಲಗೂರು, ಕಿರುಗಾವಲು, ಬೆಳಕವಾಡಿ, ಬಿ.ಜಿ. ಪುರದ ಸೀಮೆಯವರಿಗೆ ಕೆಂಪು ಬಸ್ಸೇ ದಾರಿ, ಕೆಂಪು ಬಸ್ಸೇ ಗಡಿಯಾರ. 'ಏಳು ಗಂಟೆ ಗಾಡಿ ಹೋಯ್ತೇನವ್ವ?' ಎಂದು ಕೇಳಿಕೊಂಡೇ ನಮ್ಮ ಕಡೆ ಹೊಲಕ್ಕೆ ಹೊರಡುತ್ತಿದ್ದರು. ಆ ಹಳೆಯ ಗಾಡಿಗಳು ಈಗ ಒಂದೊಂದಾಗಿ ಗುಜರಿ ಸೇರುತ್ತಿವೆ. ಅವು ಪೂರ್ತಿ ಮುಗಿದುಹೋಗುವ ಮುಂಚೆ ಕೆಲವು ಮಾತು ಬರೆದಿಡಬೇಕೆನಿಸಿದೆ.

ಬಸ್ಸಿನ ಹುಚ್ಚು ನನಗೆ ಹಿಡಿದದ್ದು ಸದ್ದಿನಿಂದ. ಊರ ಮುಂದಿನ ತಿರುವಿನಲ್ಲಿ ಗಾಡಿ ಕಾಣುವ ಮೊದಲೇ ಅದು ಲೇಲ್ಯಾಂಡೋ ಟಾಟಾವೋ ಹೇಳಿಬಿಡುತ್ತಿದ್ದೆವು. ಲೇಲ್ಯಾಂಡಿನದು ತಗ್ಗಿದ, ಎದೆಯೊಳಗಿಂದ ಬರುವ ದನಿ. ಟಾಟಾದು ಗಡಸು, ಏರು ಸಿಕ್ಕಿದರೆ ಗೇರು ಇಳಿಸುವಾಗ ಒಮ್ಮೆ ಗದರಿಸಿದಂತೆ ಕೇಳುತ್ತಿತ್ತು. ನಮಗಿಂತ ಹಿರಿಯರು ಟಾಟಾ ಗಾಡಿಯ ಮುಂದೆ ಬೆಂಜ್ ನಕ್ಷತ್ರವಿದ್ದ ಕಾಲ ಕಂಡವರು. 1954ರಲ್ಲಿ ಶುರುವಾದ ಟಾಟಾ–ಬೆಂಜ್ ಜೊತೆಗಾರಿಕೆ 1969ರಲ್ಲಿ ಮುಗಿದ ಮೇಲೂ ಅವರು ಅದನ್ನು 'ಬೆಂಜ್ ಗಾಡಿ' ಎಂದೇ ಕರೆಯುತ್ತಿದ್ದರು.

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಹುಟ್ಟಿತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕರ್ನಾಟಕದ ಹೆಸರು ಹೊತ್ತುಕೊಂಡಿತು. ಆದರೆ ನಮ್ಮ ಜನರ ಬಾಯಲ್ಲಿ ಮೊದಲಿಂದ ಕೊನೆತನಕ ಅದು 'ಗೌರ್ಮೆಂಟ್ ಬಸ್ಸು'. ಮಂಡ್ಯ, ಮದ್ದೂರು, ಮಳವಳ್ಳಿ ಮೂರಕ್ಕೂ ಡಿಪೋ ಇದೆ. ನೋಂದಣಿ ಫಲಕದಲ್ಲಿ ಕೆಎ-11-ಎಫ್ ಎಂದಿದ್ದರೆ ಅದು ಮಂಡ್ಯದ ಗಾಡಿ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ದಾರಿತಪ್ಪಿ ನಿಂತವನಿಗೂ ಆ ಫಲಕ ಕಂಡರೆ ಸಾಕು, ಊರಿನವರೇ ಎದುರಾದ ಹಾಗೆ ಜೀವ ಬರುತ್ತಿತ್ತು.

ಈ ಗಾಡಿಗಳ ಬಗ್ಗೆ ನನಗಿರುವ ದೊಡ್ಡ ಅಭಿಮಾನ ಬೇರೆಯೇ. ಷಾಸಿ, ಇಂಜಿನ್ನು ಹೊರಗಿನಿಂದ ಬಂದರೂ ಎಷ್ಟೋ ಗಾಡಿಗಳಿಗೆ ಮೈ ಕಟ್ಟಿದ್ದು ಕೆಂಗೇರಿ, ಹಾಸನದ ನಿಗಮದ ಕಾರ್ಯಾಗಾರಗಳಲ್ಲಿ. ತಗಡು ಬಡಿದವರು, ಸೀಟಿನ ಕಂಬಿ ಬೆಸೆದವರು, ಕಿಟಕಿಗೆ ಸರಳು ಹಾಕಿದವರು, ಬಣ್ಣ ಬಳಿದವರು ನಮ್ಮವರೇ. ಅದಕ್ಕೇ ಒಂದು ಗಾಡಿಯ ಹಾಗೆ ಇನ್ನೊಂದಿರುತ್ತಿರಲಿಲ್ಲ. ಒಂದರ ಕಿಟಕಿ ಗಾಜು ಎಷ್ಟು ಎಳೆದರೂ ಸರಿಯದು, ಇನ್ನೊಂದರದು ತಾನಾಗಿಯೇ ಸರಿದು ಮಳೆ ಒಳಗೆ ಬಿಡುವುದು. ಯಾವ ಗಾಡಿಯ ಯಾವ ಸೀಟು ಕುಲುಕುತ್ತದೆಂದು ದಿನಾ ಓಡಾಡುವ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿತ್ತು.

ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು ಕೂರುವ ಸೀಟುಗಳು. ಶಾಸಕರಿಗೆ ಮೀಸಲು ಎಂದು ಬರೆದ ಸೀಟಿನಲ್ಲಿ ಶಾಸಕರು ಕೂತದ್ದನ್ನು ನಾನು ಕಂಡಿಲ್ಲ; ಬಾಳೆಗೊನೆಯ ಪಕ್ಕ ಕೂತ ರೈತರನ್ನು ಕಂಡಿದ್ದೇನೆ. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ತೂರಿ ಸೀಟು ಹಿಡಿಯುವುದು ಒಂದು ವಿದ್ಯೆ. ಟವಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬ ಕೂರುವಂತಿಲ್ಲ. ಎಲ್ಲೂ ಬರೆಯದ ಆ ಕಾನೂನನ್ನು ಎಲ್ಲರೂ ಪಾಲಿಸುತ್ತಿದ್ದರು. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತರೆ ಕೆಳಗಿನಿಂದ ಬಿಸಿ ಏರುತ್ತಿತ್ತು, ಆದರೂ ಹುಡುಗರಿಗೆ ಆ ಜಾಗವೇ ಬೇಕು. ಗೇರ್ ರಾಡು ನಡುಗುವುದು, ರಸ್ತೆ ಎದುರಿಗೆ ಓಡಿ ಬರುವುದು ಕಾಣುತ್ತಿದ್ದುದು ಅಲ್ಲಿಂದಲೇ.

ಟಾಪಿನ ಮೇಲೆ ಅರ್ಧ ತಾಲ್ಲೂಕೇ ಇರುತ್ತಿತ್ತು. ರೇಷ್ಮೆ ಗೂಡಿನ ಮೂಟೆ ಬಂದ ದಿನ ಕಂಡಕ್ಟರಿಗೂ ಆತುರ. ಗೂಡು ತಡವಾದರೆ ಚಿಟ್ಟೆ ಹೊರಬಂದು ಬೆಳೆಯೇ ಹಾಳು. ಅದು ಮದ್ದೂರಿನ ಮೇಲೆ ಹಾದು ರಾಮನಗರದ ಮಾರುಕಟ್ಟೆ ಸೇರಬೇಕು. 'ಅಣ್ಣೋ, ಒಸಿ ಜೋರಾಗಿ ಬುಡಣ್ಣ' ಎಂದು ರೈತ ಡ್ರೈವರನ್ನು ಬೇಡಿಕೊಳ್ಳುತ್ತಿದ್ದ. ಕೆ.ಎಂ. ದೊಡ್ಡಿಯಲ್ಲಿ ಭಾರತಿ ಕಾಲೇಜಿನ ಹುಡುಗರ ಹಿಂಡು ಇಳಿಯುವವರೆಗೂ ಒಳಗೆ ಉಸಿರಾಡಲು ಜಾಗವಿರುತ್ತಿರಲಿಲ್ಲ. 'ಅಮ್ಮೋ, ಒಸಿ ಒಳಕ್ಕೋಗವ್ವ, ಮುಂದೆ ಖಾಲಿ ಅದೆ' ಎಂದು ಕಂಡಕ್ಟರ್ ಕೂಗುತ್ತಿದ್ದರೂ ಮುಂದೆ ಖಾಲಿ ಇದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ.

ಹಾಲ್ಟ್ ಗಾಡಿಯ ವಿಷಯ ಹೇಳದಿದ್ದರೆ ಉಳಿದದ್ದೆಲ್ಲ ಹೇಳಿಯೂ ದಂಡ. ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಬಸ್ಸು ಹಳ್ಳಿಯಲ್ಲೇ ಉಳಿಯುತ್ತಿತ್ತು. ಡ್ರೈವರೂ ಕಂಡಕ್ಟರೂ ದೇವಸ್ಥಾನದ ಜಗಲಿಯಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗುವರು. ಊಟ ಯಾರದೋ ಮನೆಯಿಂದ ಬರುವುದು. ಬಿಸಿ ಮುದ್ದೆ, ಸೊಪ್ಪಿನ ಸಾರು. ಇಡೀ ಊರು ಆ ಇಬ್ಬರನ್ನು ನೆಂಟರ ಹಾಗೆ ನೋಡಿಕೊಳ್ಳುತ್ತಿತ್ತು. ಅವರೂ ಹಾಗೇ ನಡೆದುಕೊಳ್ಳುತ್ತಿದ್ದರು. ಮಂಡ್ಯದ ಅಂಗಡಿಯಿಂದ ಔಷಧಿ ತಂದುಕೊಡುವುದು, ಹೆರಿಗೆ ನೋವು ಬಂದವಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಗಾಡಿ ತೆಗೆಯುವುದು, ಪರೀಕ್ಷೆಗೆ ಹೋಗುವ ಹುಡುಗಿ ಇನ್ನೂ ಬಂದಿಲ್ಲವೆಂದು ಬೆಳಗ್ಗೆ ಎರಡು ನಿಮಿಷ ಹೆಚ್ಚು ಹಾರನ್ ಹೊಡೆಯುವುದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಸೀಮೆಯ ಮೊದಲ ತಲೆಮಾರಿನ ಹೆಣ್ಣುಮಕ್ಕಳು ಕಾಲೇಜು ಮುಗಿಸಿದ್ದರೆ ಅದರಲ್ಲಿ ಬೆಳಗಿನ ಆ ಮೊದಲ ಗಾಡಿಯ ಪಾಲು ದೊಡ್ಡದು.

ಆಮೇಲೆ ಒಂದೊಂದೇ ಬದಲಾಗುತ್ತ ಬಂತು. ಚೀಟಿ ಹರಿದು ತೂತು ಹೊಡೆದು ಕೊಡುತ್ತಿದ್ದ ಬಣ್ಣದ ಟಿಕೆಟ್ಟಿನ ಜಾಗಕ್ಕೆ ಯಂತ್ರ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಬದಿಗಿಟ್ಟು ಹಾಯುತ್ತದೆ. ತಡೆರಹಿತ ಗಾಡಿಗಳು ಊರೊಳಗೆ ಬಾರದೆ ಹಾಗೇ ಹೋಗುತ್ತವೆ. ಅದೇ ವರ್ಷದ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ಕೇಂದ್ರದ ನಿಯಮ ಜಾರಿಗೆ ಬಂತು. ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ಸೆರಗಿನ ಗಂಟಿನಲ್ಲಿ ಚಿಲ್ಲರೆ ಎಣಿಸಿ ತವರಿಗೆ ಹೋಗುವುದನ್ನೇ ಮುಂದೂಡುತ್ತಿದ್ದ ತಾಯಂದಿರನ್ನು ಕಂಡವನು ನಾನು. ಈ ಬದಲಾವಣೆಗೆ ಮನಸಾರೆ ಸಂತೋಷಪಟ್ಟಿದ್ದೇನೆ.

ಹಳೆಯ ಗಾಡಿಗಳು ಹೋಗಬಾರದಿತ್ತೆಂದು ನಾನು ಹೇಳುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಮಂಡ್ಯದವರೇ ಆದ ನಟ ಅಂಬರೀಶ್ ತೀರಿಕೊಂಡರು. ಮಂಡ್ಯ ಒಟ್ಟೊಟ್ಟಿಗೇ ಎರಡು ಸಾವಿನ ಸುದ್ದಿ ಹೊತ್ತು ಕೂತಿತ್ತು. ಆ ದಿನ ನೆನೆದವರು ಯಾರೂ ಮುಪ್ಪಾದ ಗಾಡಿಯನ್ನು ಜನ ತುಂಬಿಸಿ ರಸ್ತೆಗೆ ಬಿಡಿ ಎನ್ನಲಾರರು. ರಸ್ತೆಯಿಂದ ಇಳಿಯಲಿ. ಆದರೆ ಒಂದೂ ಉಳಿಯದಂತೆ ಎಲ್ಲವನ್ನೂ ಕತ್ತರಿಸಿ ಕಬ್ಬಿಣದ ತೂಕಕ್ಕೆ ಮಾರುವುದನ್ನು ನನ್ನಿಂದ ಸಹಿಸಲಾಗದು.

ಹಳೆಯ ಬಸ್ಸಿಗೆ ಇನ್ನೊಂದು ಬದುಕು ಕೊಡುವುದು ನಿಗಮಕ್ಕೆ ಹೊಸತಲ್ಲ. 2020ರಲ್ಲಿ ಹಳೆಯ ಗಾಡಿಯನ್ನೇ ಮಾರ್ಪಡಿಸಿ ಮಹಿಳೆಯರಿಗೆ ಶೌಚಾಲಯ ಮಾಡಿ ಮೆಜೆಸ್ಟಿಕ್ಕಿನಲ್ಲಿ ನಿಲ್ಲಿಸಿತ್ತು. ಕೋವಿಡ್ ಕಾಲದಲ್ಲಿ ಬಸ್ಸುಗಳನ್ನು ಜ್ವರ ತಪಾಸಣಾ ಕೇಂದ್ರಗಳಾಗಿ ಮಾಡಿತ್ತು. ಅಷ್ಟು ಬಲ್ಲವರಿಗೆ ಮಂಡ್ಯ ವಿಭಾಗದ ಒಂದೇ ಒಂದು ಗಾಡಿ ಉಳಿಸುವುದು ಕಷ್ಟವಲ್ಲ. ಕೆಂಗೇರಿಯಲ್ಲೋ ಹಾಸನದಲ್ಲೋ ಕೈಯಲ್ಲಿ ಮೈ ಕಟ್ಟಿದ ಒಂದು ಕೆಎ-11-ಎಫ್ ಗಾಡಿಯನ್ನು, ಟಾಪು, ಏಣಿ, ಮರದ ಟಿಕೆಟ್ ಹಲಗೆ, ಊರ ಹೆಸರಿನ ಬೋರ್ಡು ಸಮೇತ, ಮಳವಳ್ಳಿ ಬಸ್ ನಿಲ್ದಾಣದ ಒಂದು ಮೂಲೆಯಲ್ಲಿ ಸೂರಿನ ಕೆಳಗೆ ನಿಲ್ಲಿಸಲಿ. ಅದನ್ನು ಓಡಿಸಿದ, ಅದರಲ್ಲಿ ಟಿಕೆಟ್ ಹರಿದ ನಿವೃತ್ತರನ್ನು ಕರೆದು ಅವರ ಮಾತುಗಳನ್ನು ಬರೆಸಿಕೊಳ್ಳಲಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಟಿಕೆಟ್ಟು, ಪಾಸು, ಹಾಲ್ಟ್ ಗಾಡಿಯ ಮುಂದೆ ತೆಗೆಸಿಕೊಂಡ ಫೋಟೋ ಇದ್ದರೆ ದಯವಿಟ್ಟು ಎಸೆಯಬೇಡಿ.