ಸದ್ದು ಮಾಡದ ಕೈ

ನಾನು ಮುಂಬಯಿಗೆ ಬಂದ ಹೊಸತರಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು, ನರೀಮನ್ ಪಾಯಿಂಟಿನ ಸಭಾಂಗಣವೊಂದರಲ್ಲಿ ಪಾಶ್ಚಾತ್ಯ ವಾದ್ಯವೃಂದದ ಕಛೇರಿಗೆ ಹೋಗಿದ್ದೆ. ಅಂದು ನುಡಿಸಿದ್ದು ರಷ್ಯದ ಚೈಕೋವ್‌ಸ್ಕಿಯ ಆರನೆಯ ಸಿಂಫನಿ. ಅದರ ಮೂರನೆಯ ಭಾಗ ಸೈನ್ಯದ ನಡೆಯಂತೆ ಏರುತ್ತ ಹೋಗಿ, ನಗಾರಿ ಕಹಳೆಗಳ ಅಬ್ಬರದಲ್ಲಿ ಮುಗಿಯುತ್ತದೆ. ಕೃತಿಯೇ ಮುಗಿಯಿತೆಂದು ಭಾವಿಸಿ ನಾನು ಚಪ್ಪಾಳೆ ತಟ್ಟಿದೆ. ನನ್ನೊಡನೆ ಇನ್ನೂ ನಾಲ್ಕಾರು ಮಂದಿ ತಟ್ಟಿದರು. ಕಂಡಕ್ಟರ್ ತಿರುಗಿ ನೋಡಲಿಲ್ಲ. ಎಡಗೈಯನ್ನು ಸ್ವಲ್ಪವೇ ಮೇಲೆತ್ತಿ ಹಾಗೆಯೇ ಹಿಡಿದರು. ಚಪ್ಪಾಳೆ ಅಲ್ಲಿಗೆ ನಿಂತಿತು. ಉಳಿದಿದ್ದ ಕೊನೆಯ ಭಾಗ ಒಂದು ಶೋಕಗೀತೆ. ಅದು ತಗ್ಗುತ್ತ ತಗ್ಗುತ್ತ, ಕೇಳಿಸುತ್ತಿದೆಯೋ ಇಲ್ಲವೋ ಎಂಬಂಥ ಮಂದ್ರದಲ್ಲಿ ಅಡಗಿಹೋಗುತ್ತದೆ. 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದರ ಮೊದಲ ಪ್ರಯೋಗವನ್ನು ತಾನೇ ನಿರ್ದೇಶಿಸಿದ ಚೈಕೋವ್‌ಸ್ಕಿ, ಒಂಬತ್ತು ದಿನಗಳ ನಂತರ ತೀರಿಕೊಂಡ. ಅಂಥ ಭಾಗವನ್ನು ನಾನು ಅಂದು ಕೇಳಲೇ ಇಲ್ಲ. ನಾಚಿಕೆಯಿಂದ ನನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದೆ.

ಕಂಡಕ್ಟರ್ ಎಂದೊಡನೆ ಬಸ್ಸಿನ ಕಂಡಕ್ಟರನೇ ಕಣ್ಣ ಮುಂದೆ ಬರುವ ಊರಿನವನು ನಾನು. ಧಾರವಾಡದಲ್ಲಿ ಕೇಳಿ ಬೆಳೆದ ಸಂಗೀತದಲ್ಲಿ ಅಂಥದೊಂದು ಪಾತ್ರವೇ ಇಲ್ಲ. ಹಾಡುವವರು, ತಬಲಾ ಹಾರ್ಮೋನಿಯಂ ನುಡಿಸುವವರು, ಹಿಂದೆ ತಂಬೂರಿ ಹಿಡಿದ ಶಿಷ್ಯರು. ಒಬ್ಬರನ್ನೊಬ್ಬರು ಆಲಿಸುತ್ತಲೇ ಅವರು ಮುಂದೆ ಸಾಗುತ್ತಾರೆ. ಎಪ್ಪತ್ತು ಎಂಬತ್ತು ಮಂದಿ ಕೂಡಿ ನುಡಿಸುವಲ್ಲಿ ಅಷ್ಟು ಸಾಲದು. ಹಿಂದಿನ ಸಾಲಿನ ಸದ್ದು ಮುಂದಿನ ಸಾಲನ್ನು ಮುಟ್ಟುವಷ್ಟರಲ್ಲಿ ಕ್ಷಣದ ಅಂಶವೊಂದು ಕಳೆದಿರುತ್ತದೆ. ಆದ್ದರಿಂದ ಎಲ್ಲರ ಕಣ್ಣಿಗೂ ಏಕಕಾಲಕ್ಕೆ ಬೀಳುವ ಕೈಯೊಂದು ಬೇಕಾಗುತ್ತದೆ. ವಿಚಿತ್ರವೆಂದರೆ, ಅಷ್ಟು ಜನರ ನಡುವೆ ಯಾವ ಸದ್ದನ್ನೂ ಹೊರಡಿಸದವನು ಅವನೊಬ್ಬನೇ.

ಈ ಮೌನ ಮೊದಲಿನಿಂದ ಇದ್ದುದಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿದ್ದ ಲುಲ್ಲಿ, ಉದ್ದನೆಯ ಕೋಲೊಂದನ್ನು ನೆಲಕ್ಕೆ ಕುಟ್ಟಿ ಲಯ ಹಿಡಿಯುತ್ತಿದ್ದ. 1687ರ ಜನವರಿಯಲ್ಲಿ ಆ ಕೋಲು ಅವನ ಕಾಲಿನ ಬೆರಳಿಗೇ ತಗುಲಿ, ಗಾಯ ಕೊಳೆತು, ಮಾರ್ಚಿನಲ್ಲಿ ಅವನು ಸತ್ತ. ಗಾಳಿಯಲ್ಲಿ ಆಡುವ ಕಿರುಗೋಲು ವ್ಯಾಪಕವಾಗಿ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಬೀಥೋವನ್ನನ ಐದನೆಯ ಸಿಂಫನಿಯ ಆರಂಭವನ್ನು ಈ ಬಗೆಯ ನಿರ್ದೇಶನದ ಪರೀಕ್ಷೆಯೆನ್ನಬಹುದು. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದ ಆ ಕೃತಿಯ ಪ್ರಸಿದ್ಧವಾದ ನಾಲ್ಕು ಸ್ವರಗಳಿಗೆ ಮೊದಲು, ಸ್ವರಲಿಪಿಯಲ್ಲಿ ಒಂದು ವಿರಾಮಚಿಹ್ನೆಯಿದೆ. ನಿರ್ದೇಶಕನ ಕೈ ಮೊಟ್ಟಮೊದಲು ತೋರಿಸಬೇಕಾದುದು ಸ್ವರವನ್ನಲ್ಲ, ಆ ಬಿಡುವನ್ನು.

ಬಿಡುವನ್ನು ಕೈಯಲ್ಲಿ ತೋರಿಸುವ ವಿದ್ಯೆ ನಮಗೆ ಹೊಸದಲ್ಲ. ತೀನ್‌ತಾಲದ 16 ಮಾತ್ರೆಗಳಲ್ಲಿ ಒಂಬತ್ತನೆಯದು 'ಖಾಲಿ'. ಅಲ್ಲಿ ಕೈ ತಟ್ಟುವುದಿಲ್ಲ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ತಬಲಾದ ಎಡದ ಗುಂಭನಾದವೂ ಅಲ್ಲಿ ಹಿಂದೆ ಸರಿಯುತ್ತದೆ. ಆ ತೆರಪು ಇರುವುದರಿಂದಲೇ ಕೇಳುವವನಿಗೆ ತಾನು ಆವರ್ತದ ಯಾವ ಎಡೆಯಲ್ಲಿದ್ದೇನೆಂಬುದು ತಿಳಿಯುತ್ತದೆ. ಚೆನ್ನೈನ ಸಭೆಗಳಲ್ಲಿ ರಸಿಕರು ತೊಡೆಯ ಮೇಲೆ ತಾಳ ಹಾಕುತ್ತ ಕುಳಿತಿರುವುದನ್ನು ಕಂಡಾಗಲೆಲ್ಲ, ಇಲ್ಲಿ ಕೇಳುಗನೂ ಒಂದು ಬಗೆಯ ನಿರ್ದೇಶಕನೇ ಅಲ್ಲವೇ ಎನಿಸುತ್ತದೆ. ನಮ್ಮ ಕಾವ್ಯಮೀಮಾಂಸಕರು 'ಸಹೃದಯ'ನೆಂದು ಕರೆದದ್ದು ಇಂಥವನನ್ನೇ ಇರಬೇಕು.

ಸಂಗೀತದ ಉದ್ದೇಶ ಮನಸ್ಸನ್ನು ತಿಳಿಗೊಳಿಸಿ ಶಾಂತಗೊಳಿಸುವುದು ಎಂಬ ಮಾತನ್ನು ಅಮೆರಿಕದ ಜಾನ್ ಕೇಜ್‌ಗೆ ಹೇಳಿದವರು, 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದ ನಮ್ಮ ದೇಶದ ಗೀತಾ ಸಾರಾಭಾಯಿ. ಅದೇ ಕೇಜ್ ರಚಿಸಿದ ಕೃತಿಯೊಂದನ್ನು 1952ರ ಆಗಸ್ಟ್ 29ರಂದು ಡೇವಿಡ್ ಟ್ಯೂಡರ್ ಪಿಯಾನೋದ ಮುಂದೆ ಕುಳಿತು, 4 ನಿಮಿಷ 33 ಸೆಕೆಂಡುಗಳ ಕಾಲ ಒಂದು ಸ್ವರವನ್ನೂ ನುಡಿಸದೆ ಪ್ರಯೋಗಿಸಿದರು. ಮರಗಳಲ್ಲಿ ಗಾಳಿ, ಮಾಡಿನ ಮೇಲೆ ಮಳೆಹನಿ, ಸಿಟ್ಟಿಗೆದ್ದ ಸಭಿಕರ ಪಿಸುಮಾತು ಅಂದು ಕೇಳಿಸಿದವು ಎಂದು ಕೇಜ್ ಮುಂದೆ ನೆನೆದುಕೊಂಡಿದ್ದಾರೆ. ಮೌನವೆಂದರೆ ಬರಿದಲ್ಲ, ನಾವು ಬಾಯಿ ಮುಚ್ಚಿದಾಗ ಇತರರಿಗೆ ದೊರೆಯುವ ಅವಕಾಶ.

ಇದನ್ನೆಲ್ಲ ನಾನು ಓದಿ ತಿಳಿದದ್ದು. ಮನಸ್ಸಿಗೆ ನಾಟಿದ್ದು ತರಗತಿಯಲ್ಲಿ. ನಮ್ಮ ವಿಭಾಗಕ್ಕೆ ಬರುವವರಲ್ಲಿ ಹಲವರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಕಚೇರಿಯಲ್ಲಿ ಮರಾಠಿ ಹಿಂದಿಗಳಲ್ಲಿ ದಿನ ಕಳೆದು, ಲೋಕಲ್ ರೈಲಿನಲ್ಲಿ ನಿಂತೇ ಬರುವವರು. ಒಂದು ಸಂಜೆ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹೇಳುತ್ತಿದ್ದ ಪಾಡ್ದನಗಳ ಬಗೆಗೆ ಪ್ರಬಂಧ ಮಂಡಿಸುತ್ತಿದ್ದಳು. ಅಜ್ಜಿಯ ದನಿಯನ್ನು ಬಣ್ಣಿಸಲು ಹೊರಟು ಒಂದು ಪದಕ್ಕಾಗಿ ತಡೆದು ನಿಂತಳು. ಆ ನಿಶ್ಶಬ್ದವನ್ನು ಸಹಿಸಲಾರದೆ ನಾನು 'ಗದ್ಗದ' ಎಂದೆ. ಅವಳು ತಲೆಯಾಡಿಸಿ ಅದನ್ನೇ ಬಳಸಿ ಮುಗಿಸಿದಳು. ತರಗತಿ ಬಿಟ್ಟ ಮೇಲೆ ಬಾಗಿಲ ಬಳಿ, "ನಾನು ಹುಡುಕುತ್ತಿದ್ದುದು ಅದಲ್ಲ ಸರ್," ಎಂದಳು. "ಮತ್ತೆ ಯಾವುದಮ್ಮ?" ಎಂದು ಕೇಳಿದೆ. "ಈಗ ಹೋಯಿತು ಸರ್," ಎಂದಳು.

ರೈಲಿನಲ್ಲಿ ಮನೆಗೆ ಹೋಗುವಾಗ ಆ ಕಂಡಕ್ಟರನ ಎಡಗೈ ನೆನಪಾಯಿತು. ನಾನು ಮತ್ತೊಮ್ಮೆ ಮುಗಿಯದ ಕಡೆ ಚಪ್ಪಾಳೆ ತಟ್ಟಿದ್ದೆ. ಈ ಬಾರಿ ತಡೆಯುವ ಕೈ ಇರಲಿಲ್ಲ. ಆ ಕೈಯಾಗಬೇಕಾದವನು ನಾನೇ ಆಗಿದ್ದೆ. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಧಾತುವಿಗೆ ಆಲಿಸು, ಪ್ರಶ್ನಿಸು ಎಂಬ ಎರಡೂ ಅರ್ಥಗಳಿವೆ. ಎಷ್ಟೋ ವರ್ಷ ಪಾಠ ಹೇಳಿದ ನಾನು ಎರಡನೆಯ ಅರ್ಥದಲ್ಲಿ ಮಾತ್ರ ಕೇಳಿದ್ದೆನೆಂದು ತೋರುತ್ತದೆ. ಕನ್ನಡ ಉಳಿಯಬೇಕೆಂದು ಹೊರನಾಡಿನಲ್ಲಿ ನಾವು ಬಹಳ ಮಾತನಾಡುತ್ತೇವೆ. ಆದರೆ ತಡವರಿಸುತ್ತಿರುವ ಕನ್ನಡವೊಂದು ತನ್ನ ಪದವನ್ನು ತಾನೇ ಕಂಡುಕೊಳ್ಳುವವರೆಗೆ ಕಾಯುವ ವ್ಯವಧಾನ ನಮ್ಮಲ್ಲಿ ಎಷ್ಟು ಮಂದಿಗಿದೆ?

ವಿಭಾಗದ ಸಾಧನೆಗಳನ್ನು ಈ ಸಂಪುಟದಲ್ಲಿ ಬಲ್ಲವರು ದಾಖಲಿಸುತ್ತಾರೆ. ನನ್ನ ಪಾಲಿಗೆ ಉಳಿದದ್ದು ಈ ತಪ್ಪೊಪ್ಪಿಗೆ. ಅನಂತರ ಅದೇ ಸಿಂಫನಿಯನ್ನು ಮತ್ತೊಮ್ಮೆ ಕೇಳಿದೆ. ಕೊನೆಯ ಸ್ವರ ಅಡಗಿದ ಮೇಲೂ ನಿರ್ದೇಶಕರ ಕೈ ಗಾಳಿಯಲ್ಲೇ ಇತ್ತು. ಸಭೆಯಲ್ಲಿ ಯಾರೂ ಅಲುಗಲಿಲ್ಲ. ಈಗ ತರಗತಿಯಲ್ಲಿ ಯಾರಾದರೂ ಪದಕ್ಕಾಗಿ ತಡೆದು ನಿಂತರೆ, ನಾನು ಕೈಗಳನ್ನು ಮೇಜಿನ ಮೇಲಿಟ್ಟು ಸುಮ್ಮನಿರುತ್ತೇನೆ. ಆಕೆ ಹುಡುಕುತ್ತಿದ್ದ ಪದ ಯಾವುದೆಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.