ವಿದ್ಯೆಯ ಫಲ ಯಾರ ಮನೆಗೆ?

ವಿದ್ಯೆಯನ್ನು ಮಾರಬಾರದೆಂಬುದು ಹಿರಿಯರ ಮಾತು. ಮಠದ ಪ್ರಸಾದ ಉಂಡು ಅಕ್ಷರ ಕಲಿತ ನಮಗೆ ಆ ಮಾತು ರಕ್ತಗತವಾದುದು. ಆದರೆ ಕಂಡುಕೊಂಡ ಅರಿವು ಕಪಾಟಿನಲ್ಲಿಯೇ ಉಳಿದರೆ, ಅದು ವಿದ್ಯೆಗೆ ಸಲ್ಲಿಸುವ ಗೌರವವೂ ಅಲ್ಲ.

ತೋಂಟದ ಸಿದ್ಧಲಿಂಗಯತಿಗಳ ಗುರುಗಳಾದ ಗೋಸಲ ಚನ್ನಬಸವೇಶ್ವರರ ಹೆಸರಿನೊಡನೆ ಬೆಸೆದ ಊರು ಹರದನಹಳ್ಳಿ. ಅಲ್ಲಿಯ ಭಕ್ತರೊಬ್ಬರ ಮಗಳು ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ವಿಶ್ವವಿದ್ಯಾನಿಲಯವೊಂದರಲ್ಲಿ, ಸಂಶೋಧನೆಗಳನ್ನು ಕೈಗಾರಿಕೆಗೆ ತಲುಪಿಸುವ ವಿಭಾಗದ ಹೊಣೆ ಅವಳನ್ನು ಅರಸಿ ಬಂದಿತು. ತಂದೆಗೆ ಸಮಾಧಾನವಿಲ್ಲ. “ಬುದ್ಧೀ, ನಾಲ್ಕು ಮಕ್ಕಳಿಗೆ ಪಾಠ ಹೇಳಲಿ ಅಂತ ಓದಿಸಿದೆ. ಇದು ದಲ್ಲಾಳಿ ಕೆಲಸವಲ್ಲವೇ?” ಎಂದು ನಮ್ಮನ್ನು ಕೇಳಿದರು.

ಅವರ ಹೊಲದಲ್ಲಿಯೇ ಬೆಳೆಯುವ ಅರಿಶಿನದ ಸಂಗತಿಯನ್ನು ನಾವು ಹೇಳಿದೆವು. ಗಾಯ ಮಾಯಿಸಲು ಅರಿಶಿನ ಬಳಸುವ ಬಗೆಗೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ನಮ್ಮ ತಾಯಂದಿರೆಲ್ಲ ಬಲ್ಲ ಮದ್ದಿಗೆ ಹೊಸ ಒಡೆಯರು! ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಹಕ್ಕು ಬಿದ್ದುಹೋಯಿತು. ಶಾಸ್ತ್ರ ಬಲ್ಲವರು ಕಾನೂನನ್ನೂ ಬಲ್ಲವರಾಗಿದ್ದುದರಿಂದಲೇ ಇದು ಸಾಧ್ಯವಾಯಿತು.

ಎಲ್ಲ ಅರಿವಿಗೂ ಬೆಲೆ ಕಟ್ಟಬೇಕೆಂದು ಇದರ ಅರ್ಥವಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಆ ಬೀಜ ರೈತನಿಂದ ರೈತನಿಗೆ ಹರಿದು ಬಡವರ ಕಣಜ ತುಂಬಿತು. ಬಿತ್ತಿದರೆ ಬೆಳೆಯುವುದನ್ನು ಹಂಚುವುದೇ ಸರಿ.

ಕೆಲವಕ್ಕೆ ಕಾರ್ಖಾನೆಯೇ ಬೇಕು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ವಿಶ್ವವಿದ್ಯಾನಿಲಯವಲ್ಲದಿದ್ದರೂ ಅದರ ಮಾದರಿ ಅನುಸರಣೀಯ. ಎಮ್ಮೆಯ ಹಾಲಿನಿಂದ ಎಳೆಗೂಸುಗಳ ಆಹಾರ ತಯಾರಿಸುವ ವಿಧಾನವನ್ನು ಅಲ್ಲಿಯ ವಿಜ್ಞಾನಿಗಳು ಕಂಡುಹಿಡಿದರು. ಅದನ್ನು ಡಬ್ಬಿಗಳಲ್ಲಿ ಮನೆಮನೆಗೆ ಮುಟ್ಟಿಸಿದುದು ಗುಜರಾತಿನ ಅಮುಲ್ ಸಂಸ್ಥೆ. ಅದು ಹಾಲು ಕರೆಯುವವರದೇ ಸಹಕಾರ ಸಂಘವಾದುದರಿಂದ ಲಾಭವೂ ಕೊಟ್ಟಿಗೆಗೆ ಮರಳಿತು.

ಯಾವುದನ್ನು ಹಂಚಬೇಕು, ಯಾವುದಕ್ಕೆ ಶುಲ್ಕ ಪಡೆಯಬೇಕು, ಯಾರ ಕೈಗೆ ಕೊಡಬೇಕು — ಈ ವಿವೇಚನೆಯೇ ಅಂಥ ವಿಭಾಗದ ಮುಖ್ಯಸ್ಥರ ಕಾಯಕ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಕಾಗದದ ಹಕ್ಕನ್ನು ಕಾಯುವ ಮನುಷ್ಯರು ಬೇಕು. ಹೊಲದ ಬವಣೆ ಅರಿಯದವನು ಆ ಕುರ್ಚಿಯಲ್ಲಿ ಕುಳಿತರೆ ಒಪ್ಪಂದದಲ್ಲಿ ಬೆಳೆದವನ ಹೆಸರೇ ಬರಲಾರದು.

ತಂದೆ ಬಹಳ ಹೊತ್ತು ಸುಮ್ಮನಿದ್ದು, “ಅಷ್ಟು ದೊಡ್ಡ ಜಾಗದಲ್ಲಿ ಕುಳಿತ ಮೇಲೆ ನಮ್ಮ ನೆನಪು ಇರುತ್ತದೆಯೇ?” ಎಂದರು. ಆ ಪ್ರಶ್ನೆ ಮಗಳಿಗೆ ಸೇರಿದ್ದು. ಅವಳನ್ನೇ ಕೇಳಿ ಎಂದೆವು. ಅವಳು ಈಗ ಕೆಲಸಕ್ಕೆ ಸೇರಿದ್ದಾಳೆ.

ಮಕ್ಕಳನ್ನು ಓದಿಸುವ ಸದ್ಭಕ್ತರು ಸಂಬಳದ ಮೊತ್ತವನ್ನು ಕೇಳುವಂತೆಯೇ, ನಿನ್ನ ವಿದ್ಯೆಯ ಫಲ ಯಾರ ಮನೆಗೆ ಹೋಗುತ್ತದೆಂದೂ ಕೇಳಲಿ. ಉತ್ತರ ಹೇಳಬಲ್ಲ ಮಕ್ಕಳು ಯಾವ ಹುದ್ದೆಯಲ್ಲಿದ್ದರೂ ವಿದ್ಯೆಗೆ ಕುಂದು ಬಾರದು.