ಕಾಲಿಲ್ಲದ ಸೂಪು

ನಮ್ಮೂರ ಕಡೆ ಸೂಪು ಅಂದರೆ ಒಂದೇ ಸೂಪು. ಕಾಲು ಸೂಪು! ಮೂಳೆ ಮುರಿದರೂ ಅದೇ, ನೆಗಡಿಯಾದರೂ ಅದೇ. ಹಾಗಾಗಿ ಯುಗಾದಿಗೆಂದು ಹೊರಕೆರೆದೇವಪುರಕ್ಕೆ ಹೋದವಳು "ಸಂಜೆ ನಾನು ಸೂಪು ಮಾಡ್ತೀನಿ" ಅಂದಾಗ ಅಪ್ಪನ ಮುಖ ಅರಳಿತ್ತು. ಆಮೇಲೆ ನಾನು ಸೋರೆಕಾಯಿ, ಕ್ಯಾರೆಟ್ಟು ಹೆಚ್ಚುತ್ತಾ ಕೂತಿದ್ದನ್ನು ನೋಡಿ, "ಇದಕ್ಕೆ ಕಾಲೆಲ್ಲವ್ವಾ?" ಅಂದರು :-)

ನಗು ಬಂತು. ಆದರೆ ಆ ಸೂಪಿನ ಹಿಂದಿನ ಕಥೆ ನಗುವಂಥದ್ದಲ್ಲ.

ಹಿಂದಿನ ದಿನ ಯಾವುದೋ ಪಹಣಿ ಹುಡುಕುತ್ತಾ ಬೀರು ತೆಗೆದಿದ್ದೆ. ಕಾಗದಗಳ ತಳದಲ್ಲಿ ದುರ್ಗದಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು. ಅಪ್ಪನ ಹೆಸರು. ಫ್ಯಾಟಿ ಲಿವರ್, ಗ್ರೇಡ್ ಎರಡು. ಮೂರು ತಿಂಗಳು ಹಳೆಯದು. ಅಮ್ಮನಿಗೂ ಗೊತ್ತಿರಲಿಲ್ಲ.

ಯಾಕೆ ಮುಚ್ಚಿಟ್ಟೆ ಅಂತ ಕೇಳಿದರೆ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನಾನು ಒಂದು ತೊಟ್ಟೂ ಮುಟ್ಟಿದವನಲ್ಲ ಕಣವ್ವಾ. ಲಿವರ್ ಕೆಟ್ಟಿದೆ ಅಂದ್ರೆ ಜನ ಏನಂತಾರೆ?" ಅಂದರು.

ನಮ್ಮ ಮನೆಯಲ್ಲಿ ಲಿವರ್ ಅನ್ನುವ ಪದಕ್ಕೆ ಚಿಕ್ಕಪ್ಪನ ಮುಖವಿದೆ. ಕುಡಿತ, ಆಮೇಲೆ ಕಾಮಾಲೆ, ಆಮೇಲೆ ಹೊಟ್ಟೆಯಲ್ಲಿ ನೀರು. ಆಸ್ಪತ್ರೆಗೆ ಹೋಗುವ ಮೊದಲು ಮೂರು ವಾರ ಅಪ್ಪನೇ ಅವರನ್ನು ಸೊಪ್ಪಿನ ಔಷಧಿಗೆ ಕರೆದುಕೊಂಡು ಓಡಾಡಿದ್ದರು. ಆ ಮೂರು ವಾರವನ್ನು ಅಪ್ಪ ಇವತ್ತಿಗೂ ಎಣಿಸುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಕುಡಿಯದವರಿಗೂ ಲಿವರ್‌ನಲ್ಲಿ ಕೊಬ್ಬು ಕೂರುತ್ತದೆ. ತಿಂದದ್ದರಲ್ಲಿ ಖರ್ಚಾಗದೆ ಉಳಿದದ್ದನ್ನು, ಅದರಲ್ಲೂ ಹೆಚ್ಚಾದ ಸಕ್ಕರೆ-ಪಿಷ್ಟವನ್ನು, ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ಬಹಳ ದಿನ ಯಾವ ನೋವೂ ಇರುವುದಿಲ್ಲ, ಅದೇ ಮೋಸ. ಕುಡಿತವಿಲ್ಲದೆ ಬರುವ ಈ ಕಾಯಿಲೆಯ ಹೆಸರನ್ನೇ 2023ರಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಗಳು ಸೇರಿ ಬದಲಾಯಿಸಿದವು. ಹಳೆಯ ಇಂಗ್ಲಿಷ್ ಹೆಸರಿನಲ್ಲಿದ್ದ 'ಆಲ್ಕೋಹಾಲ್' ಮತ್ತು 'ಫ್ಯಾಟಿ' ಎರಡೂ ಪದ ಹೋದವು. ರೋಗಿಗಳಿಗೆ ಅವಮಾನ ಆಗುತ್ತದೆ ಅನ್ನುವುದೂ ಒಂದು ಕಾರಣ. ಇದನ್ನು ಹೇಳಿದಾಗ ಅಪ್ಪ, "ಹಂಗಾದ್ರೆ ನನ್ನಂಗೆ ಬೀರುವಲ್ಲಿ ಬಚ್ಚಿಟ್ಟೋರು ಬೇರೆ ಕಡೆನೂ ಅವರೆ" ಅಂದರು.

ಅಪ್ಪನ ದಿನ ನೋಡಿದೆ. ಮೊದಲು ತೋಟದ ಮೋಟರ್ ಹಾಕಲು ಬೆಳಿಗ್ಗೆ ಸಂಜೆ ನಡೆದುಹೋಗುತ್ತಿದ್ದರು. ಈಗ ಮೊಬೈಲ್‌ನಲ್ಲೇ ಆನ್, ಮೊಬೈಲ್‌ನಲ್ಲೇ ಆಫ್. ಎಲ್ಲಿಗೆ ಹೋದರೂ ಬೈಕು. ದಿನಕ್ಕೆ ಐದು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಸಂಜೆ ಆರಕ್ಕೆ ಸರಿಯಾಗಿ ಮಂಡಕ್ಕಿ, ಮೆಣಸಿನಕಾಯಿ. ನಮ್ಮ ದುರ್ಗ-ದಾವಣಗೆರೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ! ರಾತ್ರಿ ಒಂಬತ್ತೂವರೆಗೆ ಮುದ್ದೆ, ಮೇಲೆ ಅನ್ನ. ತಿಂದ ತಕ್ಷಣ ನಿದ್ದೆ.

ಆ ಆರು ಗಂಟೆಗೇ ನಾನು ಸೂಪು ತಂದಿಟ್ಟೆ.

ನಾಲ್ಕು ಜನಕ್ಕೆ: ಹೆಚ್ಚಿದ ಸೋರೆಕಾಯಿ ಎರಡು ಲೋಟ, ಎರಡು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಸ್ವಲ್ಪ ಎಲೆಕೋಸು, ಎರಡು ಟೊಮೇಟೊ, ಒಂದು ಹಿಡಿ ನುಗ್ಗೆಸೊಪ್ಪು, ಎರಡು ಚಮಚ ಹೆಸರುಬೇಳೆ. ಸೋರೆಕಾಯಿಯ ಸಣ್ಣ ಚೂರನ್ನು ಮೊದಲು ಹಸಿಯಾಗಿ ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯಿ ಎಸೆಯಿರಿ. ಕಹಿ ಸೋರೆಕಾಯಿ ವಿಷ. 2010ರಲ್ಲಿ ದೆಹಲಿಯಲ್ಲಿ ಅದರ ರಸ ಕುಡಿದ ವಿಜ್ಞಾನಿಯೊಬ್ಬರು ತೀರಿಕೊಂಡಿದ್ದರು. ಬೇಯಿಸಿದರೂ ಆ ವಿಷ ಹೋಗುತ್ತದೆ ಅಂತ ನಂಬಬೇಡಿ.

ಒಂದು ಚಮಚ ಎಣ್ಣೆಗೆ ಜೀರಿಗೆ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಚೂರು ಶುಂಠಿ. ತರಕಾರಿ, ತೊಳೆದ ಬೇಳೆ, ಚಿಟಿಕೆ ಅರಿಶಿನ, ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ಕೂಗು. ಆರಿದ ಮೇಲೆ ಸೌಟಿನ ಹಿಂಭಾಗದಲ್ಲಿ ಅರ್ಧಂಬರ್ಧ ಮಸೆಯಿರಿ. ಸೋಸಬೇಡಿ, ನಾರೆಲ್ಲ ಹೋಗುತ್ತದೆ. ನುಗ್ಗೆಸೊಪ್ಪು ಕೊನೆಗೆ ಹಾಕಿ ಒಂದು ಕುದಿ. ಉಪ್ಪು ಅರ್ಧ ಚಮಚ ಸಾಕು, ಮಿಕ್ಕಿದ್ದನ್ನು ಕಾಳುಮೆಣಸು, ನಿಂಬೆಹುಳಿ ನೋಡಿಕೊಳ್ಳುತ್ತವೆ. ಬೆಣ್ಣೆ ಬೇಡ, ಗಟ್ಟಿ ಬರಲು ಕಾರ್ನ್‌ಫ್ಲೋರ್ ಬೇಡ. ಬೇಳೆ ಇರುವುದೇ ಅದಕ್ಕೆ.

ಅಮ್ಮ ರುಚಿ ನೋಡಿ, "ಇದು ಬಸ್ಸಾರಿನ ಕಟ್ಟಿಗೆ ಖಾರ ಹಾಕೋದು ಮರೆತಂಗೈತೆ" ಅಂತ ತೀರ್ಪು ಕೊಟ್ಟರು. ಹೆಚ್ಚು ಕಡಿಮೆ ನಿಜವೇ!

ಈಗ ನಿಜವಾದ ಮಾತು. ಈ ಸೂಪು ಲಿವರ್ ತೊಳೆಯುವುದಿಲ್ಲ. ಯಾವ ಸೂಪೂ, ಯಾವ ಕಷಾಯವೂ ತೊಳೆಯುವುದಿಲ್ಲ. ರಕ್ತ ಶುದ್ಧ ಮಾಡುವ ಕೆಲಸ ಲಿವರ್‌ನದ್ದೇ. ಅದನ್ನು ತೊಳೆಯಲು ಇನ್ನೊಬ್ಬರು ಬೇಕಿಲ್ಲ, ನಾವು ಅದರ ಮೇಲೆ ಹೊರೆ ಹೇರದಿದ್ದರೆ ಸಾಕು. ಸೊಪ್ಪು-ಬಳ್ಳಿ ಅಂದಮಾತ್ರಕ್ಕೆ ಅಪಾಯವಿಲ್ಲ ಅಂತಲೂ ಅಲ್ಲ. ಕೊರೋನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನಂತೂ ಡಾಕ್ಟರನ್ನು ಕೇಳದೆ ಮನೆಯಲ್ಲಿ ಯಾರಿಗೂ ಕೊಡುವುದಿಲ್ಲ.

ಸೂಪು ಮಾಡಿದ್ದು ಒಂದೇ ಕೆಲಸ. ಅಪ್ಪನ ಆರು ಗಂಟೆಯನ್ನು ಹಿಡಿದುಕೊಂಡಿತು. ಎರಡು ಲೋಟ ಸೂಪು ಕುಡಿದ ಹೊಟ್ಟೆಗೆ ಮೆಣಸಿನಕಾಯಿ ಬೇಕಾಗಲಿಲ್ಲ, ರಾತ್ರಿ ಮುದ್ದೆಯ ಮೇಲಿನ ಅನ್ನ ಬೇಕಾಗಲಿಲ್ಲ. ಊಟ ಎಂಟಕ್ಕೆ ಬಂತು. ಹೊಳಲ್ಕೆರೆಯ ಡಾಕ್ಟರು ಹೇಳಿದ್ದು ತೂಕದ ಲೆಕ್ಕ. ನೂರಕ್ಕೆ ಐದು ಭಾಗ ಇಳಿದರೆ ಲಿವರ್‌ನ ಕೊಬ್ಬು ಕರಗತೊಡಗುತ್ತದೆ, ಏಳರಿಂದ ಹತ್ತು ಭಾಗ ಇಳಿದರೆ ಊತವೂ ಇಳಿಯಬಹುದು. ಅಪ್ಪ 78 ಕೆಜಿ ಇದ್ದರು. ಟೀ ಎರಡಕ್ಕೆ ಇಳಿಯಿತು, ಸಕ್ಕರೆ ಇಲ್ಲದೆ. ಮೋಟರ್ ಹಾಕಲು ಮತ್ತೆ ನಡೆಯತೊಡಗಿದರು. ಮೊಬೈಲ್ ಸ್ಟಾರ್ಟರ್ ಕೆಟ್ಟಿದೆ ಅಂತ ಊರವರಿಗೆ ಸುಳ್ಳು ಹೇಳಿಕೊಂಡು :-)

ದಸರಾ ಹೊತ್ತಿಗೆ 72.5 ಕೆಜಿ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ ಒಂದು. ಪೂರ್ತಿ ಹೋಗಿಲ್ಲ.

ಈ ಸಲದ ರಿಪೋರ್ಟ್ ಬೀರುವಿನೊಳಗೆ ಹೋಗಲಿಲ್ಲ, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದರು. ಮನೆಗೆ ಬಂದವರಿಗೆಲ್ಲ ತಾವೇ ತೋರಿಸುತ್ತಾರಂತೆ. ಹೋದ ವಾರ ಪಕ್ಕದ ಬೀದಿಯ ಹುಡುಗನ ಕಣ್ಣು ಹಳದಿಯಾಗಿದೆ, ಸೊಪ್ಪಿನ ಔಷಧಿಗೆ ಹೊರಟಿದ್ದಾರೆ ಅಂತ ಗೊತ್ತಾದಾಗ ಅಪ್ಪನೇ ಬೈಕ್ ತೆಗೆದು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. "ಮೂರು ವಾರ ಅಲ್ಲ, ಮೂರು ದಿನಾನೂ ಕಾಯಬಾರದು" ಅಂದರಂತೆ. ಫೋನಿನಲ್ಲಿ ಅಮ್ಮ ಇದನ್ನು ಹೇಳುವಾಗ ಹಿಂದೆ ಕುಕ್ಕರ್ ಕೂಗುತ್ತಿತ್ತು.

ನಿಮ್ಮನೆಯಲ್ಲಿ ಸಂಜೆ ಆರಕ್ಕೆ ಏನು ಬೇಯುತ್ತೆ? ಹೇಳಿ.